ಪದೇ ಪದೇ ಫ್ಯೂಸ್ ಹೋಗುತ್ತಿದೆಯೇ? ದಪ್ಪ ತಂತಿ ಕಟ್ಟುವ ಮುನ್ನ ಇದನ್ನು ಓದಿ

ಹೊಸ ಫ್ಯೂಸ್ ಹಾಕುತ್ತೇವೆ, ಸ್ವಿಚ್ ಒತ್ತುತ್ತೇವೆ, ಟಪ್ ಎಂದು ಅದೂ ಹೋಗುತ್ತದೆ. ಇನ್ನೊಂದು ಹಾಕಿದರೆ ಅದರದ್ದೂ ಅದೇ ಗತಿ. ಮೂರನೆಯ ಸಲ ಹೊತ್ತಿಗೆ ಪಕ್ಕದಲ್ಲಿ ನಿಂತವರು ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. "ಎರಡು ಆಂಪಿಯರ್ ಸಾಲೋದಿಲ್ಲ, ಐದರದ್ದು ಹಾಕಿ." "ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಬಿಡಿ, ಸದ್ಯಕ್ಕೆ ನಡೆಯುತ್ತೆ." "ವೈರಿಂದ ಮೂರೆಳೆ ತೆಗೆದು ಕಟ್ಟಿ, ಇನ್ನು ಜನ್ಮದಲ್ಲಿ ಹೋಗಲ್ಲ."

ಕೊನೆಯ ಮಾತು ನಿಜ. ಆ ಫ್ಯೂಸ್ ಇನ್ನು ಹೋಗುವುದಿಲ್ಲ. ಅದರ ಬದಲಿಗೆ ಬೇರೇನಾದರೂ ಹೋಗುತ್ತದೆ: ಉಪಕರಣದ ಟ್ರಾನ್ಸ್‌ಫಾರ್ಮರ್, ಗೋಡೆಯೊಳಗಿನ ವೈರ್, ಕೆಲವೊಮ್ಮೆ ಮನೆಯೇ.

ಈ ತಪ್ಪು ಕಲ್ಪನೆಗೆ ನಮ್ಮ ಮಾತೂ ಸ್ವಲ್ಪ ಕಾರಣವಿರಬಹುದು. "ಫ್ಯೂಸ್ ಕೆಟ್ಟಿದೆ" ಎನ್ನುತ್ತೇವೆ. ಹಾಗೆಂದ ಕೂಡಲೇ ದೋಷವೆಲ್ಲ ಫ್ಯೂಸಿನ ತಲೆಗೆ ಬೀಳುತ್ತದೆ, ಅದನ್ನು ಬದಲಿಸಿದರೆ ಅಥವಾ ಗಟ್ಟಿ ಮಾಡಿದರೆ ರಿಪೇರಿ ಮುಗಿಯಿತು ಅನ್ನಿಸುತ್ತದೆ. ಕರಗಿಹೋದ ಫ್ಯೂಸ್ ಕೆಟ್ಟಿರುವುದಿಲ್ಲ. ಅದು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಕೆಟ್ಟಿರುವುದು ಬೇರೆ ಎಲ್ಲೋ ಇದೆ. ಅದನ್ನು ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಎಳೆ ದಪ್ಪವಾದರೆ ಏನಾಗುತ್ತದೆ?

ಫ್ಯೂಸ್ ಎಂದರೆ ಸರ್ಕ್ಯೂಟಿನಲ್ಲಿ ಬೇಕೆಂದೇ ಇಟ್ಟ ದುರ್ಬಲ ಜಾಗ. ಮಿತಿ ಮೀರಿ ಕರೆಂಟ್ ಹರಿದರೆ ಎಲ್ಲಕ್ಕಿಂತ ಮೊದಲು ಇಲ್ಲಿ ಕರಗಬೇಕು, ಬೇರೆಲ್ಲೂ ಕರಗಬಾರದು. ಥಾಮಸ್ ಎಡಿಸನ್ ವಿದ್ಯುತ್ ದೀಪಗಳ ರಕ್ಷಣೆಗೆಂದು ಇಂಥದೊಂದು ತಂತಿಗೆ 1880ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಅದೇ ದಶಕದಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್, ಯಾವ ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟ. ಅಂದಾಜಿಗೆ ಇಂದಿಗೂ ಅದನ್ನೇ ಬಳಸುತ್ತಾರೆ.

ಆ ಸೂತ್ರದ ಪ್ರಕಾರ 0.2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಸುಮಾರು 7 ಆಂಪಿಯರಿಗೆ ಕರಗುತ್ತದೆ. ಸ್ವಿಚ್ ಬೋರ್ಡಿನ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸಿಗೆ 5 ಆಂಪಿಯರಿನ ತಂತಿ ಎಂದು ಹಾಕುವುದು ಇದನ್ನೇ. ದಪ್ಪ ಎರಡು ಪಟ್ಟಾದರೆ ತಡೆಯುವ ಕರೆಂಟ್ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಈಗ "ಮೂರೆಳೆ" ಉಪಾಯಕ್ಕೆ ಬನ್ನಿ. ಮನೆಗಳಲ್ಲಿ ಬಳಸುವ 1 ಚದರ ಮಿಲಿಮೀಟರಿನ ವೈರಿನೊಳಗೆ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪದ 14 ಎಳೆಗಳಿರುತ್ತವೆ. ಒಂದು ಎಳೆಯೇ ಸುಮಾರು 13 ಆಂಪಿಯರ್ ತಡೆಯುತ್ತದೆ. ಮೂರು ಎಳೆ ಹೊಸೆದು ಕಟ್ಟಿದರೆ 30ರ ಆಸುಪಾಸು.

ಆ ವೈರ್ ಸುರಕ್ಷಿತವಾಗಿ ಹೊರಬಲ್ಲದ್ದು ಸುಮಾರು 10 ಆಂಪಿಯರ್ ಎಂದಿಟ್ಟುಕೊಳ್ಳಿ. ದೋಷವೊಂದರಿಂದ 25 ಆಂಪಿಯರ್ ಹರಿಯತೊಡಗಿದರೆ, ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ವೈರಿನಲ್ಲಿ ಹುಟ್ಟುವ ಶಾಖ ಆರು ಪಟ್ಟಿಗೂ ಹೆಚ್ಚು. ಮೂರೆಳೆಯ 'ಫ್ಯೂಸ್' ಆರಾಮವಾಗಿ ಕೂತಿರುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ವೈರಿನ ಮೇಲಿನ ಸಾಧಾರಣ ಪಿವಿಸಿ ಹೊದಿಕೆ ತಾಳಬಲ್ಲದ್ದು 70 ಡಿಗ್ರಿ. ಗೋಡೆಯೊಳಗೆ ಯಾವುದು ಮೊದಲು ಸೋಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಉಪಕರಣದ ಹಿಂಬದಿಯ ಗಾಜಿನ ಫ್ಯೂಸಿನದ್ದೂ ಇದೇ ಕಥೆ. ಊರಿನ ಭಜನಾ ಮಂಡಳಿಯ ಆಂಪ್ಲಿಫೈಯರ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕಿರುವುದು 2 ಆಂಪಿಯರ್ ಫ್ಯೂಸ್. 230 ವೋಲ್ಟಿಗೆ ಅದು 460 ವ್ಯಾಟ್. ಒಳಗೆ ಏನೋ ಕೆಟ್ಟು ಅದು 700 ವ್ಯಾಟ್, ಅಂದರೆ ಸುಮಾರು 3 ಆಂಪಿಯರ್ ಎಳೆಯುತ್ತಿದೆ ಎನ್ನಿ. 2 ಆಂಪಿಯರ್ ಫ್ಯೂಸ್ ಇಂದಲ್ಲ ನಾಳೆ ಕೈಕೊಡುತ್ತದೆ. 5 ಆಂಪಿಯರಿನದು ಹಾಕಿದಿರೋ, ಅದು ಏನೂ ಆಗಿಲ್ಲವೆಂಬಂತೆ ಇರುತ್ತದೆ. ಆ 700 ವ್ಯಾಟ್ ಎಲ್ಲಿಗೆ ಹೋಗುತ್ತದೆ? ಇಸ್ತ್ರಿ ಪೆಟ್ಟಿಗೆಯಷ್ಟು ಶಾಖವಾಗಿ ಆ ಡಬ್ಬಿಯೊಳಗೇ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರಿನ ವಾರ್ನಿಷ್ ಸುಡುವ ವಾಸನೆ ಬರುವ ಹೊತ್ತಿಗೆ, ಒಂದು ಚಿಕ್ಕ ಡಯೋಡಿನ ರಿಪೇರಿ ಇಡೀ ಟ್ರಾನ್ಸ್‌ಫಾರ್ಮರಿನ ರಿಪೇರಿಯಾಗಿರುತ್ತದೆ.

ಇನ್ನೊಂದು ವಿಷಯ. 2 ಆಂಪಿಯರ್ ಫ್ಯೂಸ್ 2.1 ಆಂಪಿಯರಿಗೇ ಹೋಗಿಬಿಡುತ್ತದೆ ಎಂದು ಹಲವರು ಭಾವಿಸುತ್ತಾರೆ. ಅದು ಅಷ್ಟು ಕಟ್ಟುನಿಟ್ಟಿನ ಕಾವಲುಗಾರನಲ್ಲ. ಸಾಮಾನ್ಯ ಗಾಜಿನ ಫ್ಯೂಸುಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ತನ್ನ ಮೇಲೆ ಬರೆದದ್ದರ ಒಂದೂವರೆ ಪಟ್ಟು ಕರೆಂಟನ್ನು ಅದು ಕನಿಷ್ಠ ಒಂದು ಗಂಟೆ ತಡೆಯಬೇಕು. 2.1 ಪಟ್ಟು ಹರಿದರೆ ಅರ್ಧ ಗಂಟೆಯೊಳಗೆ ಕರಗಿದರೆ ಸಾಕು. ಇಷ್ಟೆಲ್ಲ ಉದಾರಿಯಾಗಿರುವ ಫ್ಯೂಸ್ ಸ್ವಿಚ್ ಒತ್ತಿದ ಕೂಡಲೇ ಹೋಗುತ್ತಿದೆಯೆಂದರೆ, ಹರಿಯುತ್ತಿರುವುದು ಸ್ವಲ್ಪ ಹೆಚ್ಚಿನ ಕರೆಂಟಲ್ಲ.

ಮೊದಲು ಫ್ಯೂಸನ್ನೇ ಓದಿ

ಹೋದ ಫ್ಯೂಸನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಗಾಜು ಸ್ವಚ್ಛವಾಗಿದ್ದು, ಒಳಗಿನ ಎಳೆ ನಡುವೆ ಸುಮ್ಮನೆ ತುಂಡಾಗಿದ್ದರೆ ಮಿತಿಗಿಂತ ತುಸು ಹೆಚ್ಚು ಕರೆಂಟ್ ನಿಧಾನವಾಗಿ ಅದನ್ನು ಕರಗಿಸಿದೆ, ಇಲ್ಲವೇ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಎಳೆ ದಣಿದಿದೆ ಎಂದರ್ಥ. ಫ್ಯೂಸಿಗೂ ವಯಸ್ಸಾಗುತ್ತದೆ. ಹಾಗಾಗಿ ಒಂದು ಸಲ ಅದೇ ಅಳತೆಯ ಹೊಸದನ್ನು ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಗಾಜಿನ ಒಳಗೋಡೆಗೆ ಕಪ್ಪು ಮಸಿಯೋ ಬೆಳ್ಳಿಯಂಥ ಲೇಪವೋ ಮೆತ್ತಿಕೊಂಡಿದ್ದರೆ, ಎಳೆ ಕರಗಿದ್ದಲ್ಲ, ಆವಿಯಾಗಿದೆ. ಅದು ನೇರ ಶಾರ್ಟ್‌ನ ಗುರುತು. ಮನೆಯ ಲೈನಿನಲ್ಲಿ ಶಾರ್ಟ್ ಆದಾಗ ಹರಿಯುವುದು ನೂರಾರು ಆಂಪಿಯರ್. ಅಂಥದ್ದಕ್ಕೆ ಎರಡನೆಯ ಫ್ಯೂಸ್ ಹಾಕಿ ಪರೀಕ್ಷಿಸುವುದು ದುಡ್ಡು ದಂಡ.

ಹಾಗೆಯೇ ಲೋಹದ ಟೋಪಿಯ ಮೇಲಿನ ಅಕ್ಷರಗಳನ್ನು ಗಮನಿಸಿ. ಭೂತಗನ್ನಡಿ ಬೇಕಾಗಬಹುದು. 'ಟಿ' ಎಂದಿದ್ದರೆ ನಿಧಾನದ ಫ್ಯೂಸ್, 'ಎಫ್' ಎಂದಿದ್ದರೆ ಚುರುಕಿನದು. ಎರಡೂ ಜರ್ಮನ್ ಪದಗಳ ಮೊದಲಕ್ಷರಗಳು. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣ ಆನ್ ಆದ ಕ್ಷಣದಲ್ಲಿ, ಸೆಕೆಂಡಿನ ಒಂದು ಚೂರು ಕಾಲ, ತನ್ನ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಅದನ್ನು ಸಹಿಸಿಕೊಳ್ಳಲೆಂದೇ ತಯಾರಕರು 'ಟಿ' ಹಾಕಿರುತ್ತಾರೆ. ಅಂಗಡಿಯಲ್ಲಿ "ಎರಡು ಆಂಪಿಯರ್ ಕೊಡಿ" ಎಂದಷ್ಟೇ ಕೇಳಿ 'ಎಫ್' ತಂದು ಹಾಕಿದರೆ, ಉಪಕರಣ ಸಂಪೂರ್ಣ ಸರಿಯಿದ್ದರೂ ಫ್ಯೂಸ್ ಆಗಾಗ ಹೋಗುತ್ತಲೇ ಇರುತ್ತದೆ. ಪದೇ ಪದೇ ಫ್ಯೂಸ್ ಹೋಗುವುದಕ್ಕೆ ಫ್ಯೂಸೇ ಕಾರಣವಾಗುವ ಸಂದರ್ಭ ಇದೊಂದೇ ಎನ್ನಬಹುದು.

ಯಾವಾಗ ಹೋಗುತ್ತದೆ?

ರಿಪೇರಿ ಕೆಲಸ ಬಲ್ಲವರು ಡಬ್ಬಿ ಬಿಚ್ಚುವ ಮೊದಲು ಕೇಳುವ ಪ್ರಶ್ನೆ ಇದು. ಉತ್ತರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪ್ಲಗ್ ಹಾಕಿದೊಡನೆ, ಉಪಕರಣದ ಸ್ವಿಚ್ ಇನ್ನೂ ಆಫ್ ಇರುವಾಗಲೇ ಮನೆಯ ಫ್ಯೂಸ್ ಹೋದರೆ ಅನುಮಾನ ಮೊದಲು ವೈರಿನ ಮೇಲೆ: ಪ್ಲಗ್ ಒಳಗೆ ಸಡಿಲವಾದ ಎಳೆ, ಇಲಿ ಕಡಿದ ಜಾಗ, ಡಬ್ಬಿಯೊಳಗೆ ವೈರ್ ಹೋಗುವಲ್ಲಿ ಮಡಿಸಿ ಮಡಿಸಿ ಸವೆದದ್ದು. ಸ್ವಿಚ್ ಒತ್ತಿದ ಕ್ಷಣ ಹೋದರೆ ದೋಷ ಒಳಗಿದೆ, ಕರೆಂಟ್ ಬರುವ ಬಾಗಿಲಿನ ಹತ್ತಿರವೇ ಇದೆ. ಐದೋ ಹತ್ತೋ ನಿಮಿಷ ನಡೆದು ಹೋದರೆ, ಬಿಸಿಯಾದ ಮೇಲಷ್ಟೇ ಕೈಕೊಡುವ ಯಾವುದೋ ಭಾಗವಿದೆ. ಆಂಪ್ಲಿಫೈಯರಿನ ವಿಷಯದಲ್ಲಿ ಮತ್ತೊಂದು ಸಾಧ್ಯತೆಯೂ ಇದೆ. ಸದ್ದು ಏರಿಸಿದಾಗ ಮಾತ್ರ ಹೋಗುತ್ತದೆ ಎಂದಾದರೆ ಸ್ಪೀಕರ್ ವೈರುಗಳನ್ನು ಬಿಚ್ಚಿ ನೋಡಬೇಕು. ಗುಡಿಯ ಹೆಂಚಿನ ಕೆಳಗೋ ಮರದ ಕೊಂಬೆಗೋ ಎಳೆದ ವೈರ್ ಎಲ್ಲೋ ಚರ್ಮ ಸುಲಿದು ಎರಡೂ ಎಳೆ ಕೂಡಿಕೊಂಡಿದ್ದರೆ ಆಂಪ್ಲಿಫೈಯರಿನದ್ದೇನೂ ತಪ್ಪಿರುವುದಿಲ್ಲ. ಇದಕ್ಕೆ ಡಬ್ಬಿ ಬಿಚ್ಚುವ ಅಗತ್ಯವೂ ಇಲ್ಲ.

ಸೀರೀಸ್ ಬಲ್ಬಿನ ಉಪಾಯ

ಈಗ ಡಬ್ಬಿ ಬಿಚ್ಚಲೇಬೇಕಾಗಿದೆ ಎನ್ನೋಣ. ಇಲ್ಲಿಂದ ಮುಂದಿನದು ಕರೆಂಟಿನ ಕೆಲಸ ಕಲಿತವರಿಗೆ ಮಾತ್ರ. ನಾವು ವಿವರಿಸುತ್ತಿರುವುದು ರಿಪೇರಿಯವರು ಏನು ಮಾಡುತ್ತಿದ್ದಾರೆಂದು ನಿಮಗೆ ಅರ್ಥವಾಗಲಿ ಎಂದು, ಅಡುಗೆಮನೆಯ ಕಟ್ಟೆಯ ಮೇಲೆ ನೀವೇ ಮಾಡಲಿ ಎಂದಲ್ಲ. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಈಗಿನ ಟಿವಿಗಳಲ್ಲಿ ಅದು 325 ವೋಲ್ಟ್‌ನಷ್ಟಿರಬಹುದು.

ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಒಂದು ಹಲಗೆ, ಅದರ ಮೇಲೊಂದು ಹೋಲ್ಡರ್, ಹಳದಿ ಬೆಳಕಿನ ಒಂದು ಬಲ್ಬ್, ಪಕ್ಕದಲ್ಲೊಂದು ಸಾಕೆಟ್ ಇರುತ್ತಿತ್ತು. ಕರೆಂಟ್ ಬಲ್ಬಿನ ಮೂಲಕವೇ ಹಾದು ಸಾಕೆಟ್ಟಿಗೆ ಬರುವಂತೆ ವೈರ್ ಮಾಡಿರುತ್ತಾರೆ. ಇದೇ ಸೀರೀಸ್ ಬಲ್ಬ್ ಅಥವಾ ಸೀರೀಸ್ ಬೋರ್ಡ್. ಇದಕ್ಕಿಂತ ಅಗ್ಗದ, ಇದಕ್ಕಿಂತ ಜಾಣ ಸಲಕರಣೆ ಈ ಕಸುಬಿನಲ್ಲಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕೆಟ್ಟ ಉಪಕರಣವನ್ನು ಆ ಸಾಕೆಟ್ಟಿಗೆ ಹಾಕಿದಾಗ ಏನಾಗುತ್ತದೆ ನೋಡಿ. ಒಳಗೆ ನೇರ ಶಾರ್ಟ್ ಇದ್ದರೂ 100 ವ್ಯಾಟ್ ಬಲ್ಬಿನ ಮೂಲಕ ಹರಿಯಬಲ್ಲದ್ದು ಹೆಚ್ಚೆಂದರೆ 0.43 ಆಂಪಿಯರ್. 2 ಆಂಪಿಯರ್ ಫ್ಯೂಸ್ ಉಳಿಯುತ್ತದೆ, ಬಿಡಿಭಾಗಗಳೂ ಉಳಿಯುತ್ತವೆ, ಬಲ್ಬ್ ಪೂರ್ತಿ ಬೆಳಗಿ "ಶಾರ್ಟ್ ಇದೆ" ಎನ್ನುತ್ತದೆ. ಉಪಕರಣ ಸರಿಯಿದ್ದರೆ ಬಲ್ಬ್ ಒಂದು ಕ್ಷಣ ಝಗ್ಗೆಂದು ಹತ್ತಿ, ಒಳಗಿನ ಕೆಪಾಸಿಟರ್ ತುಂಬಿದಂತೆ ಮಂಕಾಗುತ್ತದೆ. ಬಲ್ಬಿನ ತಂತಿಗೆ ಒಂದು ಒಳ್ಳೆಯ ಗುಣವಿದೆ: ತಣ್ಣಗಿರುವಾಗ ಅದರ ರೋಧ ಕಡಿಮೆ, ಕಾಯ್ದಾಗ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಸರಿಯಿರುವ ಉಪಕರಣಕ್ಕೆ ಅದು ಹೆಚ್ಚು ಅಡ್ಡಿ ಮಾಡುವುದಿಲ್ಲ, ಕೆಟ್ಟಿರುವುದಕ್ಕೆ ತಾನಾಗಿ ಕಡಿವಾಣ ಹಾಕುತ್ತದೆ. ಎಲ್‌ಇಡಿ ಬಲ್ಬಿಗೆ ಈ ಗುಣವಿಲ್ಲ. ಹಳೆಯ ಬಲ್ಬುಗಳು ಅಂಗಡಿಯಿಂದ ಮಾಯವಾಗುತ್ತಿರುವ ಈ ಕಾಲದಲ್ಲಿ ರಿಪೇರಿಯವರು ಒಂದೆರಡನ್ನು ಜೋಪಾನವಾಗಿ ತೆಗೆದಿಡುವುದು ಇದಕ್ಕಾಗಿಯೇ.

ಬಲ್ಬ್ ಬೆಳಗುತ್ತಿದೆ, ಶಾರ್ಟ್ ಇರುವುದು ಖಾತ್ರಿಯಾಯಿತು. ಎಲ್ಲಿ? ಈಗ ಸರ್ಕ್ಯೂಟನ್ನು ಎರಡು ಪಾಲು ಮಾಡುತ್ತಾ ಹೋಗಬೇಕು, ಪ್ರತಿ ಸಲವೂ ಪ್ಲಗ್ ತೆಗೆದು. ನಮ್ಮ ಆಂಪ್ಲಿಫೈಯರಿನಲ್ಲಿ ಕರೆಂಟ್ ಸಾಗುವ ದಾರಿ ಹೀಗಿದೆ: ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡುಗಳ ರೆಕ್ಟಿಫೈಯರ್, ಡಬ್ಬದಂಥ ದೊಡ್ಡ ಕೆಪಾಸಿಟರುಗಳು, ಕೊನೆಗೆ ಹೀಟ್‌ಸಿಂಕಿಗೆ ಬಿಗಿದ ಔಟ್‌ಪುಟ್ ಟ್ರಾನ್ಸಿಸ್ಟರುಗಳು. ಟ್ರಾನ್ಸ್‌ಫಾರ್ಮರ್ ಆದಮೇಲಿನ ವೈರುಗಳನ್ನು ಬಿಡಿಸಿ ಮತ್ತೆ ಹಾಕಿದಾಗ ಬಲ್ಬ್ ಮಂಕಾದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ, ಕಳ್ಳ ಮುಂದಿದ್ದಾನೆ. ಮುಂದೆ ಮಲ್ಟಿಮೀಟರಿನ ಕೆಲಸ. ಸರಿಯಿರುವ ಡಯೋಡ್ ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟ್‌ಗೆ ಸ್ವಲ್ಪ ಹೆಚ್ಚು ತೋರಿಸುತ್ತದೆ, ಮತ್ತೊಂದು ದಿಕ್ಕಿನಲ್ಲಿ ಏನನ್ನೂ ತೋರಿಸುವುದಿಲ್ಲ. ಎರಡೂ ಕಡೆ ಸೊನ್ನೆ ಬಂದರೆ, ಮೀಟರ್ ಕುಯ್ಯೆಂದರೆ, ಸಿಕ್ಕಿಬಿದ್ದಂತೆ. ಡಯೋಡುಗಳೆಲ್ಲ ಸರಿಯಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಸರದಿ.

ಇಲ್ಲಿ ಅನನುಭವಿಗಳು ಎಡವುವ ಜಾಗವೊಂದಿದೆ. ಶಾರ್ಟ್ ಆದ ಟ್ರಾನ್ಸಿಸ್ಟರ್ ಸಿಕ್ಕ ಖುಷಿಯಲ್ಲಿ ಹೊಸದನ್ನು ಬೆಸೆದು ನೇರ ಲೈನಿಗೆ ಹಾಕಿಬಿಡುತ್ತಾರೆ, ಕಣ್ಣು ಮಿಟುಕಿಸುವುದರೊಳಗೆ ಹೊಸದೂ ಸುಟ್ಟಿರುತ್ತದೆ. ಟ್ರಾನ್ಸಿಸ್ಟರ್ ಒಂಟಿಯಾಗಿ ಸಾಯುವುದು ಕಡಿಮೆ. ಅದನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರೋ ಅದರ ಪಕ್ಕದ ರೆಸಿಸ್ಟರೋ ಜೊತೆಗೆ ಹೋಗಿರುತ್ತದೆ. ಆದ್ದರಿಂದ ರಿಪೇರಿಯಾದ ಮೇಲೂ ಮೊದಲ ಬಾರಿ ಆನ್ ಮಾಡುವುದು ಸೀರೀಸ್ ಬಲ್ಬಿನ ಮೂಲಕವೇ. ಬಲ್ಬ್ ಮಂಕಾದರೆ ಮಾತ್ರ ನೇರ ಲೈನ್.

ನ್ಯೂಟ್ರಲ್ ಹೋದ ದಿನ

ಟಿವಿ, ಸೆಟ್‌ಟಾಪ್ ಬಾಕ್ಸ್, ವಾಷಿಂಗ್ ಮಷಿನಿನ ಬೋರ್ಡುಗಳಲ್ಲಿ ಫ್ಯೂಸಿನ ಪಕ್ಕದಲ್ಲೇ ಬಟಾಣಿ ಕಾಳನ್ನು ಚಪ್ಪಟೆ ಮಾಡಿದಂಥ ಒಂದು ಬಿಲ್ಲೆ ಇರುತ್ತದೆ. ಇದರ ಹೆಸರು ವೇರಿಸ್ಟರ್, ರಿಪೇರಿಯವರ ಬಾಯಲ್ಲಿ ಎಂಓವಿ. ಲೈನಿನ ವೋಲ್ಟೇಜ್ ಮಾಮೂಲಿಯಿದ್ದಾಗ ಇದು ಸುಮ್ಮನಿರುತ್ತದೆ. ತೀರಾ ಏರಿದಾಗ ತಾನೇ ದಾರಿ ಬಿಟ್ಟುಕೊಟ್ಟು ಕರೆಂಟನ್ನು ತನ್ನ ಮೂಲಕ ಹರಿಸಿಕೊಳ್ಳುತ್ತದೆ. ಫ್ಯೂಸ್ ಹಾರುತ್ತದೆ, ಒಳಗಿನ ದುಬಾರಿ ಬೋರ್ಡ್ ಉಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ಕೆಲಸ ಬರುವುದು ಬರೀ ಸಿಡಿಲಿನಿಂದಲ್ಲ. ಬೀದಿಯ ಕಂಬಕ್ಕೆ ಬರುವುದು ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್. ಮಳೆಗಾಳಿಗೆ ಆ ನ್ಯೂಟ್ರಲ್ ತುಂಡಾದರೆ ಅಥವಾ ಸಡಿಲವಾದರೆ, ಬೇರೆ ಬೇರೆ ಫೇಸಿನಲ್ಲಿರುವ ಮನೆಗಳು ಒಂದಕ್ಕೊಂದು ಸಾಲಾಗಿ ಕೂಡಿದಂತಾಗಿ 400 ವೋಲ್ಟನ್ನು ಹಂಚಿಕೊಳ್ಳುತ್ತವೆ, ಸಮವಾಗಿ ಅಲ್ಲ. ಒಂದು ಮನೆಯಲ್ಲಿ ದೀಪ ಮಂಕು, ಪಕ್ಕದ ಮನೆಯಲ್ಲಿ ದೀಪ ಕಣ್ಣು ಕುಕ್ಕುವಷ್ಟು ಪ್ರಖರ. ಆ ದಿನ ಬೀದಿಯಲ್ಲಿ ಹಲವು ಟಿವಿಗಳ ಫ್ಯೂಸ್ ಒಟ್ಟಿಗೆ ಹೋಗುತ್ತವೆ. ಅಂಥ ದಿನ ಮಾಡಬೇಕಾದ್ದು ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮನ್‌ಗೆ ತಿಳಿಸುವುದು. ಕೆಲವು ರಿಪೇರಿಯವರು ಶಾರ್ಟ್ ಆಗಿ ಸಿಡಿದ ಎಂಓವಿಯನ್ನು ಕತ್ತರಿಸಿ ಬಿಸಾಕಿ, ಫ್ಯೂಸ್ ಜಾಗಕ್ಕೆ ಒಂದೆಳೆ ತಂತಿ ಬೆಸೆದು ಕೊಡುತ್ತಾರೆ. ಟಿವಿ ಹತ್ತುತ್ತದೆ, ಬಿಲ್ಲೂ ಕಡಿಮೆ. ಮುಂದಿನ ಸಲ ನ್ಯೂಟ್ರಲ್ ಹೋದಾಗ ಅದಕ್ಕೆ ಎದೆಯೊಡ್ಡುವವರು ಯಾರೂ ಇರುವುದಿಲ್ಲ.

ಫ್ಯೂಸ್ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಹೊಡೆಯುತ್ತದೆ. ಈ ನಂಬಿಕೆ ತಂತಿ ಕಟ್ಟುವ ಅಭ್ಯಾಸದಷ್ಟೇ ಅಪಾಯಕಾರಿ. ಮನುಷ್ಯನ ಎದೆಬಡಿತವನ್ನು ಹದಗೆಡಿಸಲು ಕೆಲವು ಹತ್ತು ಮಿಲಿಆಂಪಿಯರ್ ಸಾಕು. 5 ಆಂಪಿಯರ್ ಎಂದರೆ 5000 ಮಿಲಿಆಂಪಿಯರ್. ನಮ್ಮ ಮೈಯಲ್ಲಿ ಹರಿಯುವ ಕರೆಂಟ್ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಎಂಸಿಬಿಯದ್ದೂ ಹಾಗೆಯೇ. ಜೀವ ಕಾಯುವುದು 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್‌ಸಿಸಿಬಿ, ಅದರ ಜೊತೆಗೆ ಸರಿಯಾದ ಅರ್ತಿಂಗ್. ಅಂದಹಾಗೆ, ಟ್ರಿಪ್ ಆಗುವ ಎಂಸಿಬಿಯ ಹಿಡಿಕೆಗೆ ಟೇಪ್ ಸುತ್ತಿ ಮೇಲೆತ್ತಿ ಇಡುವವರೂ ಇದ್ದಾರೆ. ಹಿಡಿಕೆಯನ್ನು ಹಿಡಿದಿದ್ದರೂ ಒಳಗಿನ ಯಂತ್ರ ಬಿಟ್ಟುಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ. ಟೇಪ್ ವ್ಯರ್ಥ.

ಬಾಗಿಲು ತೆರೆದಾಗ ಹೋಗುವ ಫ್ಯೂಸ್

ಮೈಕ್ರೋವೇವ್ ಓವನ್ನಿನ ವಿಷಯ ಬೇರೆ. ಬಾಗಿಲು ತೆರೆದ ಕ್ಷಣ ಫ್ಯೂಸ್ ಹೋಗುತ್ತಿದೆ ಎಂಬ ದೂರು ಇದರಲ್ಲಿ ಸಾಮಾನ್ಯ. ಬಾಗಿಲಿನ ಹಿಂದೆ ಕೆಲವು ಸಣ್ಣ ಸ್ವಿಚ್ಚುಗಳಿರುತ್ತವೆ. ಬಾಗಿಲು ತೆರೆದೊಡನೆ ಒಲೆ ನಿಲ್ಲಿಸುವುದು ಅವುಗಳ ಕೆಲಸ. ಆ ಸ್ವಿಚ್ಚು ಅಂಟಿಕೊಂಡು ಬಿಡದೇ ಹೋದರೆ? ಬಾಗಿಲು ತೆರೆದಿರುವಾಗಲೂ ಒಲೆ ಉರಿಯುತ್ತಿದ್ದು ಸೂಕ್ಷ್ಮತರಂಗಗಳು ನೇರ ಎದುರು ನಿಂತವರ ಮೇಲೆ ಬೀಳುತ್ತವೆ. ಇದನ್ನು ತಪ್ಪಿಸಲು ಇನ್ನೊಂದು ಕಾವಲು ಸ್ವಿಚ್ ಇಟ್ಟಿರುತ್ತಾರೆ. ಮೊದಲಿನದು ಬಿಡದಿದ್ದರೆ ಇದು ಬೇಕೆಂದೇ ಲೈನನ್ನು ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತದೆ. ಇಲ್ಲಿ ಫ್ಯೂಸ್ ಹೋಗುವುದೇ ಯಂತ್ರದ ಕೊನೆಯ ರಕ್ಷಣೆ. ಆ ಜಾಗಕ್ಕೆ ತಂತಿ ಕಟ್ಟಿದರೆ ಏನಾಗಬಹುದೆಂದು ಊಹಿಸಿ.

ಇದರ ಫ್ಯೂಸ್ ಗಾಜಿನದ್ದಲ್ಲ, ಬಿಳಿ ಪಿಂಗಾಣಿಯದು. ಮಾಮೂಲಿ ಗಾಜಿನ ಫ್ಯೂಸ್ ಸಿಡಿಯದೆ ಕಡಿಯಬಲ್ಲದ್ದು ಕೆಲವು ಹತ್ತು ಆಂಪಿಯರ್‌ನಷ್ಟು ಕರೆಂಟನ್ನು. ಹೆಚ್ಚಿನ ಸಾಮರ್ಥ್ಯದ ಪಿಂಗಾಣಿಯ ಫ್ಯೂಸ್ 1500 ಆಂಪಿಯರನ್ನೂ ಕಡಿಯಬಲ್ಲದು. ಅಳತೆ ಒಂದೇ ಎಂದು ಗಾಜಿನದನ್ನು ಹಾಕುವಂತಿಲ್ಲ. ಮೈಕ್ರೋವೇವನ್ನು ಮನೆಯಲ್ಲಿ ಬಿಚ್ಚಲೂ ಹೋಗಬೇಡಿ, ಅದರ ಕೆಪಾಸಿಟರಿನಲ್ಲಿರುವುದು ಸಾವಿರಾರು ವೋಲ್ಟ್.

ರಿಪೇರಿಗೆ ಕೊಡುವಾಗ

ಹೋದ ಫ್ಯೂಸನ್ನು ಒಂದು ಚೀಟಿಯಲ್ಲಿ ಸುತ್ತಿ ಉಪಕರಣದ ಜೊತೆಗೆ ಕೊಡಿ. ಯಾವ ಕ್ಷಣದಲ್ಲಿ ಹೋಯಿತು, ಅದಕ್ಕೂ ಮುಂಚೆ ವಾಸನೆ ಬಂತೇ, ಆ ದಿನ ಬೀದಿಯಲ್ಲಿ ಕರೆಂಟ್ ಏರಿಳಿತವಿತ್ತೇ ಎಂಬುದನ್ನು ಹೇಳಿ. ವಾಪಸ್ ತರುವಾಗ ಎರಡು ಕೇಳಿ: ಬದಲಿಸಿದ ಹಳೆಯ ಭಾಗ ಯಾವುದು, ಈಗ ಹಾಕಿರುವ ಫ್ಯೂಸ್ ಎಷ್ಟರದ್ದು. ಉಪಕರಣದ ಹಿಂಬದಿಯಲ್ಲಿ, ಫ್ಯೂಸ್ ಹೋಲ್ಡರಿನ ಪಕ್ಕ ಅಥವಾ ಒಳಗಿನ ಬೋರ್ಡಿನ ಮೇಲೆ ಸರಿಯಾದ ಅಳತೆ ಅಚ್ಚಾಗಿರುತ್ತದೆ. "ಫ್ಯೂಸ್ ಹೋಗಿತ್ತು, ಹಾಕಿದೀನಿ" ಎಂದಷ್ಟೇ ಉತ್ತರ ಬಂದರೆ, ಹಾಕಿರುವುದು ಅದೇ ಅಳತೆಯದ್ದೇ ಎಂದು ಅಲ್ಲೇ ತೆಗೆಸಿ ನೋಡಿ.